ಅಂಶ ಗೊತ್ತು, ಛೇದ ಎಷ್ಟು? ಸಮುದಾಯ ಆರೋಗ್ಯ ಓದಲು ಹೊರಟವರಿಗೊಂದು ಟಿಪ್ಪಣಿ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ನರ್ಸಿಂಗ್ ಮುಗಿಸಿ ಸಮುದಾಯ ಆರೋಗ್ಯ ಓದಲು ಹೊರದೇಶಕ್ಕೆ ಹೊರಟ ತಂಗಿ, ತಮ್ಮಂದಿರು ಮೊದಲು ಕೇಳುವುದು ವೀಸಾದ ಬಗ್ಗೆ, ಆಮೇಲೆ ಇಂಗ್ಲಿಷ್ ಪರೀಕ್ಷೆಯ ಬಗ್ಗೆ. ಅವೆರಡಕ್ಕೂ ದಾರಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ತರಗತಿಯಲ್ಲಿ ಕುಳಿತ ಮೇಲೆ ಎದುರಾಗುವ ಕಷ್ಟವೇ ಬೇರೆ. ಇಂಗ್ಲೆಂಡಿನಲ್ಲಿ ನಾನು ಎಡವಿದ ಜಾಗದಿಂದಲೇ ಆರಂಭಿಸುತ್ತೇನೆ.

ಮೊದಲ ವಾರ ಒಂದು ಕೆಲಸ ಕೊಟ್ಟರು: ನಿಮ್ಮ ಊರಿನ ಒಂದು ಆರೋಗ್ಯ ಸಮಸ್ಯೆಯನ್ನು ಐದು ನಿಮಿಷದಲ್ಲಿ ವಿವರಿಸಿ. ನಾನು ನಮ್ಮ ಗೇರು ತೋಟಗಳಿಗೆ ಮೇಲಿನಿಂದ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ವಿಷಯ ತೆಗೆದುಕೊಂಡೆ. ಗೇರು ತೋಟ, ಹೆಲಿಕಾಪ್ಟರ್, ಚಾಪೆ ಬಿಟ್ಟು ಏಳಲಾಗದ ಮಕ್ಕಳು, ಅವರನ್ನು ಎತ್ತಿ ಎತ್ತಿ ಸೊಂಟ ಸೋತ ತಾಯಂದಿರು. ಎಲ್ಲರೂ ಉಸಿರು ಬಿಗಿ ಹಿಡಿದು ಕೇಳಿದರು. ಅಧ್ಯಾಪಕಿ ಕೇಳಿದ್ದು ಒಂದೇ ಮಾತು: "ಎಷ್ಟು ಮಕ್ಕಳಲ್ಲಿ ಎಷ್ಟು ಮಂದಿ?" ನನ್ನಲ್ಲಿ ಉತ್ತರವಿರಲಿಲ್ಲ.

ಶಾಲೆಯಲ್ಲಿ ಭಿನ್ನರಾಶಿ ಕಲಿತದ್ದನ್ನು ನೆನಪಿಸಿಕೊಳ್ಳಿ. ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಆಸ್ಪತ್ರೆ ನಮ್ಮನ್ನು ಅಂಶಕ್ಕೆ ಒಗ್ಗಿಸುತ್ತದೆ. ವಾರ್ಡಿನಲ್ಲಿ ಮಲಗಿದವರು ಕಾಣುತ್ತಾರೆ, ಮನೆಯಲ್ಲೇ ಉಳಿದವರು ಕಾಣುವುದಿಲ್ಲ. ಸಮುದಾಯ ಆರೋಗ್ಯದಲ್ಲಿ ರೋಗಿ ಎಂದರೆ ಇಡೀ ಊರು. ಆರೋಗ್ಯವಾಗಿ ಇರುವವರೂ ಲೆಕ್ಕಕ್ಕೆ ಸೇರುತ್ತಾರೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮುಂದಿನ ಅರ್ಧ ಪಾಠ ಸಲೀಸು.

ಇನ್ಸಿಡೆನ್ಸ್, ಪ್ರಿವಲೆನ್ಸ್ ಎಂಬ ಎರಡು ಪದಗಳು ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತವೆ. ನೀರಿಗಾಗಿ ನಮ್ಮ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುರಂಗದಿಂದ ಕೆರೆಗೆ ಹೊಸದಾಗಿ ಬೀಳುವ ನೀರು ಇನ್ಸಿಡೆನ್ಸ್: ಒಂದು ಅವಧಿಯಲ್ಲಿ ಹೊಸದಾಗಿ ರೋಗ ಬಂದವರು. ಈ ಹೊತ್ತು ಕೆರೆಯಲ್ಲಿ ನಿಂತಿರುವ ನೀರು ಪ್ರಿವಲೆನ್ಸ್: ಈಗ ರೋಗ ಇರುವವರೆಲ್ಲ. ಅಡಿಕೆ ತೋಟಕ್ಕೆ ಬಿಟ್ಟ ನೀರು ಗುಣವಾದವರು ಮತ್ತು ತೀರಿಕೊಂಡವರು. ಮಧುಮೇಹಕ್ಕೆ ಒಳ್ಳೆಯ ಔಷಧ ಸಿಕ್ಕಿ ಜನ ಹೆಚ್ಚು ಕಾಲ ಬದುಕಿದರೆ, ಹೊಸ ರೋಗಿಗಳು ಹೆಚ್ಚದಿದ್ದರೂ ಪ್ರಿವಲೆನ್ಸ್ ಏರುತ್ತದೆ. ಹೊರಗೆ ಹೋಗುವ ತೂಬು ಕಿರಿದಾಯಿತು, ಅಷ್ಟೇ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ನಾನು ಉತ್ತರ ಬರೆದದ್ದು ನಮ್ಮ ಮನೆಯ ಕೆರೆಯನ್ನು ನೆನೆದು.

ಲಂಡನ್ನಿನ ವೈದ್ಯ ಜಾನ್ ಸ್ನೋ ಹೆಸರು ಎಲ್ಲ ಪಠ್ಯದಲ್ಲೂ ಬರುತ್ತದೆ. 1854ರ ಲಂಡನ್ ಕಾಲರಾ, ರೋಗ ಹರಡುತ್ತಿದೆ ಎಂದು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಹಿಡಿ ಕಳಚಿಸಿದ ಕಥೆ. ಕಥೆಯಲ್ಲೇ ನಿಂತುಬಿಡಬೇಡಿ. ಅದೇ ವರ್ಷ ಅವರು ಮಾಡಿದ ಇನ್ನೊಂದು ಲೆಕ್ಕವನ್ನು ಬಾಯಿಪಾಠ ಮಾಡಿ. ದಕ್ಷಿಣ ಲಂಡನ್ನಿನ ಹಲವು ಬೀದಿಗಳಲ್ಲಿ ಎರಡು ಕಂಪನಿಗಳ ನೀರು ಅಕ್ಕಪಕ್ಕದ ಮನೆಗಳಿಗೆ ಬರುತ್ತಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ನಗರದ ಕೊಳೆ ಸೇರುವಲ್ಲಿ ಥೇಮ್ಸ್ ನೀರು ಎತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲೇ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಮೊದಲನೆಯದರ 40,046 ಮನೆಗಳಲ್ಲಿ 1,263 ಸಾವು, ಎರಡನೆಯದರ 26,107 ಮನೆಗಳಲ್ಲಿ 98. ಹತ್ತು ಸಾವಿರ ಮನೆಗಳಿಗೆ ಲೆಕ್ಕ ಹಾಕಿದರೆ ಒಂದು ಕಡೆ 315, ಇನ್ನೊಂದು ಕಡೆ 37. ಬೀದಿ ಅದೇ, ಗಾಳಿ ಅದೇ, ಬಡತನವೂ ಹೆಚ್ಚುಕಡಿಮೆ ಅದೇ. ಬೇರೆಯಾಗಿದ್ದದ್ದು ನೀರು ಮಾತ್ರ. ಮನೆಗಳ ಸಂಖ್ಯೆ ಎಂಬ ಛೇದವಿಲ್ಲದಿದ್ದರೆ 1,263 ಎಂಬುದು ಬರೀ ಶೋಕದ ಸಂಖ್ಯೆಯಾಗಿ ಉಳಿಯುತ್ತಿತ್ತು.

ಇದನ್ನು ಓದಿದ ರಾತ್ರಿ ಎಂಡೋಸಲ್ಫಾನ್ ಸಿಂಪಡಿಸಿದ ನಮ್ಮ ಕಡೆಯ ಪಡ್ರೆ ಗ್ರಾಮ ನೆನಪಾಯಿತು. ಅದು ಸೇರಿದ ಎಣ್ಮಕಜೆ ಪಂಚಾಯತಿನಲ್ಲಿ ಕಾಯಿಲೆಗಳನ್ನು ಮೊದಮೊದಲು ಗಮನಿಸಿದವರಲ್ಲೊಬ್ಬರು ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್. ಇಷ್ಟು ಚಿಕ್ಕ ಊರಿನಲ್ಲಿ ಇಂಥ ಕಾಯಿಲೆ ಇಷ್ಟೊಂದು ಏಕೆ ಎಂದು ಅವರಿಗೆ ಅನಿಸಿತು. ಅದು ಅಂಶವನ್ನು ಕಂಡ ಕಣ್ಣು, ಆ ಕಣ್ಣಿಲ್ಲದೆ ಯಾವ ಅಧ್ಯಯನವೂ ಹುಟ್ಟುವುದಿಲ್ಲ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಗೇರು ಗುಡ್ಡದ ಬುಡದ ಊರಿನ 117 ಶಾಲಾ ಹುಡುಗರನ್ನೂ ಸಿಂಪಡಣೆ ಕಾಣದ ಇನ್ನೊಂದು ಊರಿನ 90 ಹುಡುಗರನ್ನೂ ಹೋಲಿಸಿದರು. ಮೊದಲ ಗುಂಪಿನಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿತ್ತು. 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು.

ಪ್ರಬಂಧ ಬರೆಯುವಾಗ ಇಲ್ಲೊಂದು ಎಚ್ಚರ ಬೇಕು. 207 ಹುಡುಗರನ್ನು ಒಂದೇ ಕಾಲಘಟ್ಟದಲ್ಲಿ ನೋಡಿದ ಅಧ್ಯಯನ ಸಂಬಂಧವನ್ನು ತೋರಿಸುತ್ತದೆ, ಅಷ್ಟರಿಂದಲೇ ಕಾರಣ ಸಾಬೀತಾಗುವುದಿಲ್ಲ. ಊಟ, ಬಡತನ, ಇತರ ಕೀಟನಾಶಕ ಇವುಗಳ ಪಾತ್ರವೇನು ಎಂದು ನೀವೇ ಕೇಳಬೇಕು. ಹಾಗೆ ಕೇಳಿದರೆ ನಮ್ಮವರ ನೋವಿಗೆ ದ್ರೋಹ ಬಗೆದಂತೆ ಎಂದು ನನಗೆ ಮೊದಮೊದಲು ಸಂಕಟವಾಗುತ್ತಿತ್ತು. ಈಗ ಹಾಗನಿಸುವುದಿಲ್ಲ. ಗಟ್ಟಿ ಲೆಕ್ಕವೇ ಆ ತಾಯಂದಿರ ಪರ ನಿಲ್ಲುವುದು, ಸಡಿಲ ಲೆಕ್ಕವನ್ನು ಎದುರಾಳಿ ವಕೀಲ ಒಂದೇ ನಿಮಿಷದಲ್ಲಿ ಬಿಡಿಸಿ ಎಸೆಯುತ್ತಾನೆ.

ಇನ್ನೊಂದು ಹೆಸರು, ಜೂಲಿಯನ್ ಟ್ಯೂಡರ್ ಹಾರ್ಟ್. ವೇಲ್ಸ್‌ನ ಕಲ್ಲಿದ್ದಲು ಗಣಿಯ ಹಳ್ಳಿಯೊಂದರ ವೈದ್ಯರು. ತಮ್ಮಲ್ಲಿಗೆ ಬಂದವರದ್ದಷ್ಟೇ ಅಲ್ಲ, ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡ ಅಳೆಯಲು ಹೊರಟವರು. 1971ರಲ್ಲಿ ಅವರು ಹೇಳಿದ ನಿಯಮದ ಸಾರ: ಚಿಕಿತ್ಸೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲೇ ಒಳ್ಳೆಯ ಚಿಕಿತ್ಸೆ ಕಡಿಮೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಭೀರ ಕಾಯಿಲೆ ಎಂದರೆ ಮಂಗಳೂರು ಎಂದೇ ನಮ್ಮ ಅಭ್ಯಾಸ. 2020ರ ಮಾರ್ಚ್‌ನಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ದಾಟಲಾಗದೆ ಪ್ರಾಣ ಬಿಟ್ಟವರಿದ್ದಾರೆ.

ಕೋರ್ಸ್ ಆಯ್ಕೆಯ ಬಗ್ಗೆ ಚುಟುಕಾಗಿ: ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ಪದವಿಯಿಂದ ಅಲ್ಲಿ ನರ್ಸ್ ಆಗಿ ನೋಂದಣಿ ಸಿಗುವುದಿಲ್ಲ. ನೋಂದಣಿಯ ದಾರಿ ಬೇರೆ, ಪರೀಕ್ಷೆಗಳೂ ಬೇರೆ. ಹೆಲ್ತ್ ವಿಸಿಟರ್, ಅಂದರೆ ಮನೆಗೆ ಹೋಗಿ ಪುಟ್ಟ ಮಕ್ಕಳ ಆರೋಗ್ಯ ನೋಡುವವರು, ಆಗುವ ತರಬೇತಿಗೆ ಸೇರಲು ಮೊದಲು ಅಲ್ಲಿ ನರ್ಸ್ ಅಥವಾ ಮಿಡ್‌ವೈಫ್ ಆಗಿ ನೋಂದಣಿ ಇರಬೇಕು. ಏಜೆಂಟರು ಇದನ್ನು ಕಲಸಿ ಹೇಳುತ್ತಾರೆ, ಹಣ ಕಟ್ಟುವ ಮುನ್ನ ಸ್ಪಷ್ಟಪಡಿಸಿಕೊಳ್ಳಿ.

ಹೆಲ್ತ್ ವಿಸಿಟರ್ ಒಬ್ಬರ ಜೊತೆ ಮನೆ ಭೇಟಿಗೆ ಹೋಗಿದ್ದೆ. ಇಂಗ್ಲೆಂಡಿನಲ್ಲಿ ಹೆರಿಗೆಗೆ ಮುನ್ನದಿಂದ ಮಗುವಿಗೆ ಎರಡೂವರೆ ವರ್ಷವಾಗುವವರೆಗೆ ಪ್ರತಿ ಕುಟುಂಬಕ್ಕೂ ಐದು ಭೇಟಿ ನಿಗದಿಯಾಗಿದೆ. ಕಾಯಿಲೆ ಇದ್ದವರಿಗೆ ಮಾತ್ರವಲ್ಲ, ಪ್ರತಿ ಕುಟುಂಬಕ್ಕೂ. ಅವರು ಮಗುವಿನ ಬಟ್ಟೆ, ನ್ಯಾಪಿ ಎಲ್ಲವನ್ನೂ ತೆಗೆಸಿ ತೂಗಿದರು. ಕೆಂಪು ರಟ್ಟಿನ ಪುಸ್ತಕ ಬಿಡಿಸಿ, ಬಾಗಿದ ಗೆರೆಗಳ ನಡುವೆ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕಿ ಇಟ್ಟರು. ಹಿಂದಿನ ಚುಕ್ಕಿಗೆ ಗೆರೆ ಎಳೆಯಲಿಲ್ಲ. ಕೇಳಿದೆ. ಗೆರೆ ಎಳೆದರೆ ತಾಯಿಗೆ ಪ್ರತಿ ಏರಿಳಿತವೂ ಭಯವಾಗಿ ಕಾಣುತ್ತದೆ, ನೋಡಬೇಕಾದದ್ದು ಹಲವು ಚುಕ್ಕಿಗಳ ಒಟ್ಟು ಓಟವನ್ನು ಎಂದರು. ಆ ಬಾಗಿದ ಗೆರೆಗಳೇ ಛೇದ: ಅದೇ ವಯಸ್ಸಿನ ಉಳಿದ ಮಕ್ಕಳೆಲ್ಲ ಆ ಪುಟದಲ್ಲಿದ್ದಾರೆ.

ಭಾಷೆಯ ವಿಷಯದಲ್ಲಿ ನಾವು ಮುಂದಿದ್ದೇವೆ ಎಂದುಕೊಂಡಿದ್ದೆ. ಕನ್ನಡ, ತುಳು, ಮಲಯಾಳ ಮೂರೂ ಬರುತ್ತವಲ್ಲ. ಅಲ್ಲಿ ಮನೆಯವರನ್ನು ದುಭಾಷಿಯಾಗಿ ಬಳಸಬಾರದು ಎಂದು ಕಲಿಸಿದಾಗ ಊರಿನ ಹಳೆಯದೊಂದು ಮನೆ ಭೇಟಿ ನೆನಪಾಯಿತು. ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಾಲಿಯೇಟಿವ್ ನರ್ಸ್ ಮಲಯಾಳದಲ್ಲಿ ಕೇಳುತ್ತಿದ್ದರು, ಹಾಸಿಗೆಯಲ್ಲಿದ್ದ ಅಜ್ಜಿಗೆ ತುಳು ಮಾತ್ರ. ನಡುವೆ ಹತ್ತನೆಯ ತರಗತಿಯ ಮೊಮ್ಮಗ. "ಮೂತ್ರ ಉರಿಯುತ್ತದೆಯಾ?" ಎಂಬ ಪ್ರಶ್ನೆಗೆ ಅಜ್ಜಿ ಗೋಡೆಗೆ ಮುಖ ಮಾಡಿ ಇಲ್ಲವೆಂದರು. ಹುಡುಗ ನೀರು ತರಲು ಹೋದಾಗ ನಾನು ಹತ್ತಿರ ಕುಳಿತು ತುಳುವಿನಲ್ಲಿ ಕೇಳಿದೆ. ಎಂಟು ದಿನದಿಂದ ಉರಿಯುತ್ತಿದೆ ಎಂದರು, ನನ್ನ ಕೈ ಬಿಡಲಿಲ್ಲ. ಮಾತು ಗೊತ್ತಿರುವುದೂ ಯಾರ ಬಾಯಿಂದ ಕೇಳಿಸುತ್ತೇವೆ ಎಂಬುದೂ ಬೇರೆ ಬೇರೆ.

ಹೊರಡುವ ಮುನ್ನ ಒಂದು ವಾರ ಬಿಡುವು ಮಾಡಿಕೊಂಡು ನಿಮ್ಮ ಪಂಚಾಯತ್ ವಾರ್ಡಿನ ಆಶಾ ಅಕ್ಕನ ಜೊತೆ ತಿರುಗಾಡಿ. ಮನೆಗಳೆಷ್ಟು, ಐದು ವರ್ಷದೊಳಗಿನ ಮಕ್ಕಳೆಷ್ಟು, ಹಾಸಿಗೆ ಹಿಡಿದವರೆಷ್ಟು, ಯಾವ ಮನೆಗೆ ಬಾವಿ, ಯಾವುದಕ್ಕೆ ಸುರಂಗ, ಯಾವುದಕ್ಕೆ ಕೊಳವೆಬಾವಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾರ ಹೆಸರನ್ನೂ ಬರೆಯಬೇಡಿ, ಸಂಖ್ಯೆ ಸಾಕು. ಆ ನೋಟ್‌ಬುಕ್ಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.