ನಿಜವೇ ಎಂದು ಕೇಳುವ ಮೊದಲು

‘ಬೆಳಗ್ಗೆ ಬೇಗ ಏಳುವವರು ಜೀವನದಲ್ಲಿ ಗೆಲ್ಲುತ್ತಾರೆ.’ ಇದು ನಿಜವೋ ಸುಳ್ಳೋ ಎಂದು ಕೇಳಿ ನೋಡಿ. ಹೆಚ್ಚಿನವರು ತಕ್ಷಣ ಒಂದು ಪಕ್ಷ ಹಿಡಿದುಬಿಡುತ್ತಾರೆ. ಒಬ್ಬರು ಬೇಗ ಎದ್ದು ಗೆದ್ದವನ ಹೆಸರು ಹೇಳುತ್ತಾರೆ, ಇನ್ನೊಬ್ಬರು ತಡವಾಗಿ ಎದ್ದೂ ಗೆದ್ದವನನ್ನು ತೋರಿಸುತ್ತಾರೆ. ದನಿ ಏರುತ್ತದೆ, ಮಾತು ಮಾತ್ರ ಇದ್ದಲ್ಲೇ ಇರುತ್ತದೆ. ತತ್ವಶಾಸ್ತ್ರ ಕಲಿಸುವ ನಾನು ತರಗತಿಯಲ್ಲಿ ಇಂಥ ವಾದಗಳನ್ನು ಬೇಕೆಂದೇ ಹುಟ್ಟುಹಾಕುತ್ತೇನೆ. ಆಮೇಲೆ ಅದನ್ನು ನಿಲ್ಲಿಸಿ ಕೇಳುತ್ತೇನೆ: ಈ ಮಾತು ನಿಜ ಎಂದಾದರೆ ಅದು ನಮಗೆ ಯಾವ ದಾರಿಯಿಂದ ಗೊತ್ತಾಗಬೇಕು?

ಯಾವ ಔಷಧ ಕೆಲಸ ಮಾಡುತ್ತದೆ, ಯಾವ ನಕ್ಷತ್ರ ಎಷ್ಟು ದೂರವಿದೆ ಎಂದು ತತ್ವಶಾಸ್ತ್ರ ಹೇಳುವುದಿಲ್ಲ. ಅದಕ್ಕೆ ಅಳೆಯುವವರು, ಎಣಿಸುವವರು ಬೇಕು. ಏನನ್ನು ಅಳೆಯಬೇಕು, ಅಳೆದ ಮೇಲೆ ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳುವುದು ತತ್ವಶಾಸ್ತ್ರದ ಕೆಲಸ.

ಮೇಲಿನ ಮಾತನ್ನೇ ತೆಗೆದುಕೊಳ್ಳಿ. ‘ಗೆಲ್ಲುವುದು’ ಅಂದರೆ ಹಣವೇ, ಹೆಸರೇ, ನೆಮ್ಮದಿಯೇ? ಬೇಗ ಏಳುವ ಎಲ್ಲರೂ ಗೆಲ್ಲುತ್ತಾರೆಯೇ, ಅಥವಾ ಉಳಿದವರಿಗಿಂತ ಅವರಲ್ಲಿ ಗೆಲ್ಲುವವರು ಜಾಸ್ತಿಯೇ? ‘ಎಲ್ಲರೂ’ ಅಂದರೆ ಒಂದೇ ಒಂದು ವಿರುದ್ಧ ಉದಾಹರಣೆ ಅದನ್ನು ಬೀಳಿಸಲು ಸಾಕು. ಹಂಸಗಳೆಲ್ಲ ಬಿಳಿ ಎಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. 1697ರಲ್ಲಿ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಗ್ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ ಕಪ್ಪು ಹಂಸಗಳನ್ನು ಕಂಡ. ಅಲ್ಲಿಗೆ ಆ ಮಾತು ಮುಗಿಯಿತು. ‘ಜಾಸ್ತಿ’ ಎಂದು ಹೇಳಿದ್ದರೆ ಒಂದು ಉದಾಹರಣೆಯಿಂದ ಅದು ಬೀಳುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ಎಣಿಸಲೇಬೇಕು. ಎಷ್ಟೋ ಜಗಳಗಳಲ್ಲಿ ಒಬ್ಬರ ಮನಸ್ಸಿನಲ್ಲಿ ‘ಎಲ್ಲರೂ’ ಇರುತ್ತದೆ, ಇನ್ನೊಬ್ಬರ ಮನಸ್ಸಿನಲ್ಲಿ ‘ಜಾಸ್ತಿ’ ಇರುತ್ತದೆ.

‘ಬೇಗ ಏಳಬೇಕು’ ಎಂದರೆ ಅದು ಇನ್ನೂ ಬೇರೆ ಬಗೆಯ ಮಾತು. ಲೋಕ ಹೀಗಿದೆ ಎಂಬ ಮಾತುಗಳನ್ನಷ್ಟೇ ಜೋಡಿಸಿ ‘ಹೀಗಿರಬೇಕು’ ಎಂಬುದನ್ನು ಹೊರಡಿಸಲು ಆಗುವುದಿಲ್ಲ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1740ರಲ್ಲಿ ತೋರಿಸಿದ. ನಡುವೆ ‘ಗೆಲುವು ಒಳ್ಳೆಯದು, ಅದಕ್ಕಾಗಿ ನಿದ್ದೆ ಬಿಡಬಹುದು’ ಎಂಬ ಮೌಲ್ಯವೊಂದು ಸೇರಿಕೊಂಡಿರುತ್ತದೆ. ಅದನ್ನು ಹೊರಗೆ ತಂದು ಬೇರೆಯಾಗಿ ಚರ್ಚಿಸಬೇಕು.

ಇನ್ನು, ಬೇಗ ಎದ್ದೂ ಸೋತವರನ್ನು ತೋರಿಸಿದಾಗ ಬರುವ ಉತ್ತರ ಗಮನಿಸಿ: ‘ಅವರು ಮನಸ್ಸಿಟ್ಟು ಏಳುತ್ತಿರಲಿಲ್ಲ.’ ಏನೇ ತೋರಿಸಿದರೂ ಇಂಥದ್ದೊಂದು ಉತ್ತರ ಸಿದ್ಧವಿದ್ದರೆ ಆ ಮಾತು ಲೋಕದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ವಿಜ್ಞಾನದ ಬಗ್ಗೆ ಚಿಂತಿಸಿದ ತತ್ವಜ್ಞಾನಿ ಕಾರ್ಲ್ ಪಾಪ್ಪರ್ 1934ರ ತನ್ನ ಪುಸ್ತಕದಲ್ಲಿ ಹಿಡಿದದ್ದು ಇದನ್ನೇ. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಇಷ್ಟೇ ಬಾಗಬೇಕು ಎಂದು ಐನ್‌ಸ್ಟೈನ್ ಮೊದಲೇ ಲೆಕ್ಕ ಕೊಟ್ಟಿದ್ದ. 1919ರ ಸೂರ್ಯಗ್ರಹಣದಲ್ಲಿ ಅದನ್ನು ಅಳೆದಾಗ ಬೇರೆ ಅಳತೆ ಬಂದಿದ್ದರೆ ಆ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬೀಳುತ್ತಿತ್ತು. ಆ ಧೈರ್ಯ ಪಾಪ್ಪರ್‌ಗೆ ಬಹಳ ಮುಖ್ಯವಾಗಿ ಕಂಡಿತು. ನನಗೂ ಹಾಗೇ. ‘ಏನು ಕಂಡರೆ ನೀವು ಈ ಮಾತು ಬಿಡುತ್ತೀರಿ?’ ಎಂದು ಕೇಳಿ. ಎದುರಿನವರನ್ನು ಕೇಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಈಗ ಬೇಗ ಏಳುವವರಲ್ಲಿ ಗೆದ್ದವರು ನಿಜಕ್ಕೂ ಜಾಸ್ತಿ ಎಂದೇ ಇಟ್ಟುಕೊಳ್ಳೋಣ. ಬೇಗ ಎದ್ದದ್ದರಿಂದಲೇ ಗೆದ್ದರು ಎನ್ನಬಹುದೇ? ಇಲ್ಲಿ ನಮ್ಮ ನೈಯಾಯಿಕರು, ಅಂದರೆ ನ್ಯಾಯ ದರ್ಶನ ಎಂಬ ಭಾರತೀಯ ತರ್ಕ ಪರಂಪರೆಯವರು, ಬಹಳ ಉಪಕಾರ ಮಾಡಿದ್ದಾರೆ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಕಂಡರೆ ಹೊಗೆ ಇದೆ ಎನ್ನಲು ಆಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆ ಇಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಲೆಕ್ಕಕ್ಕೆ ತೆಗೆದುಕೊಳ್ಳದೆ ಉಳಿದ ಈ ಮೂರನೆಯ ಸಂಗತಿಗೆ ಅವರು ‘ಉಪಾಧಿ’ ಎಂದರು. ಬೇಗ ಏಳುವವರ ಹಿಂದೆಯೂ ಇಂಥ ಹಸಿ ಸೌದೆ ಇರಬಹುದು, ಅಲ್ವಾ? ಒಳ್ಳೆಯ ಆರೋಗ್ಯ, ರಾತ್ರಿ ಪಾಳಿಯಿಲ್ಲದ ಕೆಲಸ, ರಾತ್ರಿಯಿಡೀ ಅಳುವ ಕೂಸಿಲ್ಲದ ಮನೆ. ಇವು ಬೇಗ ಏಳಲೂ ನೆರವಾಗುತ್ತವೆ, ಗೆಲ್ಲಲೂ ನೆರವಾಗುತ್ತವೆ. ಎರಡು ಸಂಗತಿ ಜೊತೆಯಾಗಿ ಕಂಡಾಗೆಲ್ಲ ಉಪಾಧಿ ಹುಡುಕುವುದು ನನಗೆ ಅಭ್ಯಾಸವೇ ಆಗಿದೆ.

ಇದಕ್ಕೆ ಹತ್ತಿರದ ಇನ್ನೊಂದು ಬಲೆ ಇದೆ. ಪ್ರಾಚೀನ ಗ್ರೀಸಿನ ಡಯಾಗೊರಸ್ ಎಂಬುವನಿಗೆ ಗೆಳೆಯನೊಬ್ಬ ದೇವಾಲಯದಲ್ಲಿದ್ದ ಚಿತ್ರಗಳನ್ನು ತೋರಿಸಿದನಂತೆ. ಹರಕೆ ಹೊತ್ತು, ಬಿರುಗಾಳಿಯಲ್ಲಿ ಹಡಗಿನಿಂದ ಬದುಕಿ ಬಂದವರ ಚಿತ್ರಗಳು ಅವು. ಹಡಗೊಡೆದು ಸತ್ತವರ ಚಿತ್ರ ಎಲ್ಲೂ ಇಲ್ಲವಲ್ಲ ಎಂದನಂತೆ ಡಯಾಗೊರಸ್. ರೋಮಿನ ಸಿಸೆರೋ ಹೇಳಿದ ಈ ಕಥೆಯನ್ನು 1620ರಲ್ಲಿ ಇಂಗ್ಲೆಂಡಿನ ಚಿಂತಕ ಫ್ರಾನ್ಸಿಸ್ ಬೇಕನ್ ಮತ್ತೆ ಎತ್ತಿಕೊಂಡ. ಗೆದ್ದವರ ಸಂದರ್ಶನಗಳನ್ನು ಓದುವಾಗ ಇದನ್ನು ನೆನೆಯಬೇಕು. ಬೇಗ ಎದ್ದು ಸೋತವರನ್ನು ಯಾರೂ ಸಂದರ್ಶನಕ್ಕೆ ಕರೆಯುವುದಿಲ್ಲ.

ಆದರೂ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬೇರೆಯವರು ಹೇಳಿದ್ದೇ. ನಾವು ಹುಟ್ಟಿದ ದಿನವನ್ನೂ ಇನ್ನೊಬ್ಬರ ಬಾಯಿಂದಲೇ ತಿಳಿದೆವು. ಎಲ್ಲವನ್ನೂ ಸ್ವತಃ ನೋಡಿಯೇ ನಂಬುತ್ತೇನೆ ಎನ್ನುವವರು ಸುಮ್ನೆ ಹಾಗೆ ಹೇಳುತ್ತಾರೆ, ಹಾಗೆ ಬದುಕಲು ಆಗುವುದಿಲ್ಲ. ನ್ಯಾಯ ದರ್ಶನ ಪ್ರತ್ಯಕ್ಷ (ಇಂದ್ರಿಯಗಳಿಂದ ನೇರವಾಗಿ ತಿಳಿಯುವುದು), ಅನುಮಾನ (ಗುರುತು ಹಿಡಿದು ತರ್ಕಿಸಿ ತಿಳಿಯುವುದು), ಉಪಮಾನ (ಹೋಲಿಕೆಯಿಂದ ತಿಳಿಯುವುದು) ಇವುಗಳ ಜೊತೆಗೆ ‘ಶಬ್ದ’ವನ್ನೂ ಪ್ರಮಾಣವೆಂದು, ಅಂದರೆ ತಿಳಿಯುವ ದಾರಿಯೆಂದು, ಒಪ್ಪಿದೆ. ಶಬ್ದ ಅಂದರೆ ಆಪ್ತನ ಮಾತು. ಆಪ್ತ ಯಾರು? ವಿಷಯವನ್ನು ನೇರವಾಗಿ ತಿಳಿದವನು ಮತ್ತು ತಿಳಿದಂತೆಯೇ ಹೇಳುವ ಬಯಕೆ ಇರುವವನು. ಋಷಿಗಾಗಲಿ, ಆರ್ಯನಿಗಾಗಲಿ, ಮ್ಲೇಚ್ಛನಿಗಾಗಲಿ ಈ ಲಕ್ಷಣ ಒಂದೇ ಎಂದು ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಬರೆದಿದ್ದಾನೆ. ಈ ಮಾತು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಹೇಳಿದವನ ಹುಟ್ಟು, ಪದವಿ, ಪ್ರಸಿದ್ಧಿ ಲೆಕ್ಕಕ್ಕಿಲ್ಲ. ಅವನಿಗೆ ಗೊತ್ತಿದೆಯೇ? ಗೊತ್ತಿದ್ದದ್ದನ್ನು ಬದಲಿಸಿ ಹೇಳಲು ಅವನಿಗೆ ಕಾರಣವಿದೆಯೇ? ಕೇಳಬೇಕಾದ್ದು ಇಷ್ಟು. ಗೆದ್ದ ವ್ಯಕ್ತಿ ತಾನು ಎಷ್ಟು ಗಂಟೆಗೆ ಏಳುತ್ತೇನೆಂದು ಹೇಳಿದರೆ ಆ ವಿಷಯಕ್ಕೆ ಅವನು ಆಪ್ತ. ತಾನು ಗೆದ್ದದ್ದು ಯಾವುದರಿಂದ ಎಂದು ಹೇಳಿದರೆ ಅಲ್ಲಿ ಅವನೂ ನಮ್ಮಂತೆ ಊಹಿಸುತ್ತಿರುತ್ತಾನೆ.

ಇಷ್ಟೆಲ್ಲ ಪರೀಕ್ಷೆ ಕಲಿತ ವಿದ್ಯಾರ್ಥಿಗಳು ಒಂದು ಕಡೆ ಎಡವುತ್ತಾರೆ. ಕಾರಣದಲ್ಲಿ ದೋಷ ಸಿಕ್ಕಿದ ಕೂಡಲೇ ಉತ್ತರಪತ್ರಿಕೆಯಲ್ಲಿ ‘ಆದ್ದರಿಂದ ಈ ಹೇಳಿಕೆ ಸುಳ್ಳು’ ಎಂದು ಬರೆದುಬಿಡುತ್ತಾರೆ. ಅವರಿಗೆ ನಾನು ಎಂಟನೆಯ ಶತಮಾನದ ಬೌದ್ಧ ಚಿಂತಕ ಧರ್ಮೋತ್ತರನ ಉದಾಹರಣೆ ಹೇಳುತ್ತೇನೆ. ಒಂದು ಕಡೆ ಮಾಂಸ ಸುಡಲು ಆಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ವಾಸನೆಗೆ ಹುಳಗಳು ಮೋಡದಂತೆ ಮುತ್ತಿವೆ. ದೂರದಲ್ಲಿರುವವನು ಅದನ್ನೇ ಹೊಗೆ ಎಂದುಕೊಂಡು ಅಲ್ಲಿ ಬೆಂಕಿಯಿದೆ ಎನ್ನುತ್ತಾನೆ. ಬೆಂಕಿ ಇರುವುದು ನಿಜ, ಅವನು ಕೊಟ್ಟ ಕಾರಣ ತಪ್ಪು. 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟ್ಟಿಯರ್ ಮೂರೇ ಪುಟಗಳ ಲೇಖನದಲ್ಲಿ ಇದೇ ಬಗೆಯ ಉದಾಹರಣೆಗಳನ್ನು ಕೊಟ್ಟಾಗ, ನಿಜವಾದದ್ದನ್ನು ಸಕಾರಣವಾಗಿ ನಂಬಿದರೆ ಅದೇ ಜ್ಞಾನ ಎಂಬ ವ್ಯಾಖ್ಯೆ ಅಲುಗಾಡಿತು.

ಹಾಗಾಗಿ ಇಂಥ ಉತ್ತರಗಳಲ್ಲಿ ನಾನು ‘ಸುಳ್ಳು’ ಎಂಬುದನ್ನು ಹೊಡೆದು ‘ಈ ಕಾರಣದಿಂದ ಸಾಬೀತಾಗಿಲ್ಲ’ ಎಂದು ಬರೆಯುತ್ತೇನೆ. ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆಯನ್ನೂ ಬರೆಯುತ್ತೇನೆ: ಬೇರೆ ಕಾರಣ ಏನಾದರೂ ಇದೆಯೇ, ಹುಡುಕಿದಿರಾ?