ಕಿಂಗ್ ಕ್ರಿಮ್ಸನ್‌ಗೂ ಮುಂಚೆ: ಮೂವರು, ಒಂದು ಫ್ಲ್ಯಾಟ್, ಯಾರೂ ಕೊಳ್ಳದ ರೆಕಾರ್ಡ್

ಪ್ರೊಗ್ರೆಸಿವ್ ರಾಕ್, ಅಂದರೆ ಸರಳ ಹಾಡಿನ ಚೌಕಟ್ಟು ದಾಟಿ ಉದ್ದದ, ಜಟಿಲ ರಚನೆಗಳ ಕಡೆ ಹೋದ ರಾಕ್ ಸಂಗೀತ, ಎಲ್ಲಿಂದ ಶುರುವಾಯಿತು? ಕೇಳಿದರೆ ಹೆಚ್ಚಿನವರು 1969ರ ಅಕ್ಟೋಬರ್ 10ರ ಕಡೆ ಬೆರಳು ತೋರಿಸುತ್ತಾರೆ. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಬಂದ ದಿನ ಅದು. ಇಲ್ಲ, ಮೂಡಿ ಬ್ಲೂಸ್ ತಂಡ 1967ರಲ್ಲೇ ಮಾಡಿತ್ತು ಅನ್ನುವವರಿದ್ದಾರೆ. ಪ್ರೋಕಲ್ ಹರಮ್, ದ ನೈಸ್ ತಂಡಗಳ ಹೆಸರು ಹಿಡಿದು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ಈ ಗದ್ದಲದಲ್ಲಿ ಒಂದು ರೆಕಾರ್ಡ್ ಮಾತ್ರ ಯಾವ ಕಡೆಗೂ ಸೇರದೆ ಉಳಿದುಬಿಟ್ಟಿದೆ. ಹೆಸರು ‘ದ ಚಿಯರ್‌ಫುಲ್ ಇನ್ಸ್ಯಾನಿಟಿ ಆಫ್ ಜೈಲ್ಸ್, ಜೈಲ್ಸ್ ಅಂಡ್ ಫ್ರಿಪ್’. ಖುಷಿಯ ಹುಚ್ಚು ಅಂದುಕೊಳ್ಳಿ. ಕ್ರಿಮ್ಸನ್‌ಗಿಂತ 13 ತಿಂಗಳು ಮುಂಚೆ, 1968ರ ಸೆಪ್ಟೆಂಬರ್‌ನಲ್ಲಿ ಬಂತು.

ಇದರ ಬಗ್ಗೆ ಎರಡು ಮಾತು ಓಡಾಡುತ್ತವೆ. ಇದೊಂದು ತಮಾಷೆ ರೆಕಾರ್ಡ್, ಮರೆತುಬಿಡಿ ಅನ್ನುವುದು ಒಂದು. ಮುಂದೆ ಬಂದ ಕಿಂಗ್ ಕ್ರಿಮ್ಸನ್ ಎಂಬ ದೊಡ್ಡ ಮರದ ಬೀಜ ಇದು ಅನ್ನುವುದು ಇನ್ನೊಂದು. ಎರಡೂ ಕಡೆಯವರು ಇದನ್ನು ಮುಂದೆ ಆದದ್ದರ ಜೊತೆಗಿಟ್ಟೇ ಅಳೆಯುತ್ತಾರೆ. ರೆಕಾರ್ಡನ್ನು ರೆಕಾರ್ಡಾಗಿ ಕೇಳಿದವರು ಕಡಿಮೆ.

ಕಥೆ ಶುರುವಾಗುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿ. ಡ್ರಮ್ಸ್ ನುಡಿಸುವ ಮೈಕಲ್ ಜೈಲ್ಸ್, ಬೇಸ್ ಗಿಟಾರ್ ಹಿಡಿಯುವ ತಮ್ಮ ಪೀಟರ್. ಇಬ್ಬರೂ ವರ್ಷಗಟ್ಟಲೆ ಬೇರೆ ಬೇರೆ ತಂಡಗಳಲ್ಲಿ ದುಡಿದವರು. 1967ರಲ್ಲಿ ಅವರಿಗೆ ಬೇಕಿದ್ದದ್ದು ಹಾಡಲೂ ಬರುವ ಆರ್ಗನ್ ವಾದಕ. ಬಂದವನು ರಾಬರ್ಟ್ ಫ್ರಿಪ್. ಅವನಿಗೆ ಆರ್ಗನ್ ಬರುತ್ತಿರಲಿಲ್ಲ, ಹಾಡುವವನೂ ಅಲ್ಲ. ಗಿಟಾರ್ ಮಾತ್ರ ಗೊತ್ತು. ಆದರೂ ಮೂವರೂ ಜೊತೆಯಾಗಿ ಲಂಡನ್ನಿಗೆ ಹೋದರು. ಡೆಕ್ಕಾ ಕಂಪನಿಯ ಡೆರಾಮ್ ಲೇಬಲ್ ಇವರನ್ನು ಒಪ್ಪಿಕೊಂಡಿತು. ವೇಯ್ನ್ ಬಿಕರ್ಟನ್ ನಿರ್ಮಾಪಕರಾದರು.

ಅಷ್ಟಾದರೂ ರೆಕಾರ್ಡ್ ಓಡಲಿಲ್ಲ. ಮೊದಲ ವರ್ಷ ಮಾರಾಟವಾದದ್ದು 500ರಷ್ಟು ಪ್ರತಿ ಎಂದು ಫ್ರಿಪ್ ಹೇಳಿದ್ದಾರೆ. ತಪ್ಪು ಯಾರದು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಆ ಹೊತ್ತಿಗೆ ಜನ ಕೇಳುತ್ತಿದ್ದದ್ದು ಜೋರು ಸದ್ದಿನ ಬ್ಲೂಸ್, ಬಣ್ಣಬಣ್ಣದ ಸೈಕಡೆಲಿಕ್. ಇಲ್ಲಿ ನೋಡಿದರೆ ಮೊದಲ ಬದಿಯ ಹಾಡುಗಳ ನಡುವೆ ರಾಡ್ನಿ ಟೋಡಿ ಎಂಬ ಹುಡುಗನ ಕಥೆಯನ್ನು ಫ್ರಿಪ್ ತುಣುಕು ತುಣುಕಾಗಿ ಓದುತ್ತಾರೆ. ಎರಡನೇ ಬದಿಯಲ್ಲಿ ‘ಜಸ್ಟ್ ಜಾರ್ಜ್’ ಎಂಬ ಇನ್ನೊಂದು ಮಾತಿನ ಆಟ. ಅಂಗಡಿಯವನು ಇದನ್ನು ಯಾವ ಕಪಾಟಿನಲ್ಲಿ ಇಡಬೇಕು ಹೇಳಿ?

ಆ ಮಾತುಗಳನ್ನು ದಾಟಿ ಕೇಳಿದರೆ ಸಿಗುವುದೇ ಬೇರೆ. ‘ಥರ್ಸ್‌ಡೇ ಮಾರ್ನಿಂಗ್’ ಕೇಳಿ. ಮೆಲ್ಲಗೆ ಹೇಳಿಕೊಂಡ ಬೇಸರದ ಹಾಡು. ಒಂದಿಷ್ಟೂ ಅತಿಯಾಗುವುದಿಲ್ಲ. ಮೈಕಲ್ ಡ್ರಮ್ಸನ್ನು ಗಮನವಿಟ್ಟು ಕೇಳಬೇಕು. ಸುಮ್ನೆ ಲೆಕ್ಕ ಹಿಡಿದು ಹೊಡೆಯುವವರಲ್ಲ ಅವರು. ನಮ್ಮ ಮೃದಂಗದವರು ಸಾಹಿತ್ಯಕ್ಕೆ ನುಡಿಸುತ್ತಾರಲ್ಲ, ಹಾಗೆ ಸಾಲಿನ ಜೊತೆಗೇ ನಡೆಯುತ್ತಾರೆ, ಸಾಲು ನಿಂತಲ್ಲಿ ಜಾಗ ಬಿಡುತ್ತಾರೆ. ‘ಸ್ವೀಟ್ ನಂಬರ್ 1’ರಲ್ಲಿ ಫ್ರಿಪ್ ಗಿಟಾರ್ ಉಸಿರು ಬಿಡದೆ ಓಡುತ್ತದೆ. ಆ ವೇಗದಲ್ಲೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ನಡುವಿನ ನಿಧಾನದ ಭಾಗ ಮುಂದೆ 1971ರ ‘ಐಲ್ಯಾಂಡ್ಸ್’ ಆಲ್ಬಮ್‌ನಲ್ಲಿ ‘ಪ್ರಿಲ್ಯೂಡ್: ಸಾಂಗ್ ಆಫ್ ದ ಗಲ್ಸ್’ ಆಗಿ ಮತ್ತೆ ಬಂತು. ಕೊನೆಯ ‘ಎರುಡೈಟ್ ಐಸ್’ ಹಾಡಾಗಿ ಶುರುವಾಗಿ, ಹಾಡನ್ನು ಬಿಟ್ಟು, ಮೂವರೂ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸುವಲ್ಲಿಗೆ ಹೋಗಿ ಮುಟ್ಟುತ್ತದೆ. ಇದು ತಮಾಷೆ ರೆಕಾರ್ಡ್ ಅಂತೀರಾ?

ನನ್ನ ಮಟ್ಟಿಗೆ ಕಥೆಯ ತಿರುಳು ಇರುವುದು 1968ರ ಬೇಸಿಗೆಯಲ್ಲಿ, ಲಂಡನ್ನಿನ ಬ್ರಾಂಡ್ಸ್‌ಬರಿ ರಸ್ತೆಯ ಅವರ ಫ್ಲ್ಯಾಟಿನಲ್ಲಿ. ಪೀಟರ್ ಹತ್ತಿರ ಒಂದು ರೆವಾಕ್ಸ್ ಟೇಪ್ ರೆಕಾರ್ಡರ್ ಇತ್ತು. ಟೇಪಿನ ಮೇಲೆ ಸದ್ದು ಹಿಡಿಯುವ ಟ್ರ್ಯಾಕ್ ಎರಡೇ. ಒಂದರಲ್ಲಿ ನುಡಿಸಿದ್ದನ್ನು ಇನ್ನೊಂದಕ್ಕೆ ಇಳಿಸುತ್ತಾ, ಅದರ ಜೊತೆಗೇ ಹೊಸ ವಾದ್ಯ ಸೇರಿಸಬೇಕು. ಒಮ್ಮೆ ಬೆರೆತದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಪ್ರತಿ ಸಲ ಇಳಿಸಿದಾಗಲೂ ಟೇಪಿನ ಸುಯ್ ಸದ್ದು ಜಾಸ್ತಿಯಾಗುತ್ತದೆ. ಹಾಗಾಗಿ ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ ಎಂಬುದನ್ನು ನುಡಿಸುವ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಫೇರ್‌ಪೋರ್ಟ್ ಕನ್ವೆನ್ಷನ್ ತಂಡದಿಂದ ಹೊರಬಂದಿದ್ದ ಗಾಯಕಿ ಜೂಡಿ ಡೈಬಲ್ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ಅದಕ್ಕೆ ಉತ್ತರಿಸಿದ್ದು ಪೀಟರ್. ಜೂಡಿ ಜೊತೆ ಇಯಾನ್ ಮೆಕ್‌ಡೊನಾಲ್ಡ್ ಬಂದರು. ಅವರಿಗೆ ಕೊಳಲೂ ಬರುತ್ತಿತ್ತು, ಸ್ಯಾಕ್ಸೋಫೋನೂ ಬರುತ್ತಿತ್ತು. ಅವರ ಹಿಂದೆಯೇ ಕವಿ ಪೀಟರ್ ಸಿನ್‌ಫೀಲ್ಡ್ ಬರೆದ ಸಾಲುಗಳು ಬಂದವು. ‘ಐ ಟಾಕ್ ಟು ದ ವಿಂಡ್’ ಹಾಡನ್ನು ಜೂಡಿ ದನಿಯಲ್ಲಿ ಅವರು ರೆಕಾರ್ಡ್ ಮಾಡಿಕೊಂಡದ್ದು ಆಗಲೇ. ಕ್ರಿಮ್ಸನ್ ಆಲ್ಬಮ್‌ನಲ್ಲಿ ಇದೇ ಹಾಡು ದೊಡ್ಡ ಹಾಲಿನಲ್ಲಿ ಕೇಳಿದ ಹಾಗಿದೆ. ಇಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಹಾಡಿಕೊಂಡ ಹಾಗೆ. ನನಗೆ ಇದೇ ಹೆಚ್ಚು ಇಷ್ಟ.

ಜೂಡಿ ಬೇಗನೆ ಹೊರಟುಹೋದರು. ಆ ವರ್ಷದ ಕೊನೆಗೆ ಪೀಟರ್ ಜೈಲ್ಸ್ ಕೂಡ ತಂಡ ಬಿಟ್ಟರು. ಅವರ ಜಾಗಕ್ಕೆ ಗ್ರೆಗ್ ಲೇಕ್ ಬಂದರು. 1969ರ ಜನವರಿ 13ರಂದು ಫುಲ್‌ಹ್ಯಾಮ್‌ನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಈ ಹೊಸ ತಂಡದ, ಅಂದರೆ ಕಿಂಗ್ ಕ್ರಿಮ್ಸನ್‌ನ ಅಭ್ಯಾಸ ಶುರುವಾಯಿತು. ಜುಲೈ 5ಕ್ಕೆ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್‌ಗಿಂತ ಮುಂಚೆ, ಲಕ್ಷಗಟ್ಟಲೆ ಜನರ ಎದುರು ಅವರು ನುಡಿಸಿದರು. ಮುಂದಿನದು ಎಲ್ಲರಿಗೂ ಗೊತ್ತು. ನಡುವಿನ ದಶಕಗಳಲ್ಲಿ ಹಳೆಯ ರೆಕಾರ್ಡ್ ಮತ್ತೆ ಅಚ್ಚಾಯಿತು, ಸಿಡಿಯೂ ಬಂತು, ಕೊಂಡವರು ಹೆಚ್ಚಾಗಿ ಕ್ರಿಮ್ಸನ್ ಅಭಿಮಾನಿಗಳೇ.

ಫ್ಲ್ಯಾಟಿನ ಟೇಪುಗಳು ‘ದ ಬ್ರಾಂಡ್ಸ್‌ಬರಿ ಟೇಪ್ಸ್’ ಹೆಸರಿನಲ್ಲಿ ಹೊರಬಂದದ್ದು 2001ರಲ್ಲಿ. ಆಮೇಲೆ ಚರ್ಚೆ ಇನ್ನಷ್ಟು ಸಿಕ್ಕಾಯಿತು. ನಿಜವಾದ ಆಲ್ಬಮ್ ಯಾವುದು, ಡೆರಾಮ್ ಬಿಡುಗಡೆ ಮಾಡಿದ್ದೋ, ಮನೆಯಲ್ಲಿ ಮಾಡಿಕೊಂಡದ್ದೋ ಎಂಬ ಪ್ರಶ್ನೆ ಎದ್ದಿತು. ಮನೆಯದೇ ಮೇಲು ಅನ್ನುವವರೇ ಜಾಸ್ತಿ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಟೇಪುಗಳನ್ನು ಕೇಳಿ ಮುಗಿಸಿ ‘ಥರ್ಸ್‌ಡೇ ಮಾರ್ನಿಂಗ್’ಗೆ ವಾಪಸ್ ಬಂದರೆ ಹಾಡು ಒಂದಿಷ್ಟೂ ಚಿಕ್ಕದಾಗಿ ಕೇಳುವುದಿಲ್ಲ. ಮೈಕಲ್ ಈಗಲೂ ಸಾಲು ಮುಗಿಯುವ ತನಕ ಕಾಯುತ್ತಾರೆ.