ಹಳೆಯ ಟಾಟಾ ಪಿಕಪ್‌ಗೆ ದೊಡ್ಡ ಎಂಜಿನ್ ಬೇಕೇ? ಮೊದಲು ಲೆಕ್ಕ ಹಾಕೋಣ

"ಗಾಡಿಗೆ ದಮ್ ಇಲ್ಲರಿ ಉಸ್ತಾದ್, ದೊಡ್ಡ ಎಂಜಿನ್ ಕೂಡಿಸಿ ಕೊಡ್ರಿ." ಕಲಬುರಗಿ ಕಡೆಯ ಗ್ಯಾರೇಜಿನಲ್ಲಿ ಕೆಲಸ ಕಲಿಯುವವರಿಗೆ ಈ ಮಾತು ಹೊಸದಲ್ಲ. ಹಳೆಯ ಪಿಕಪ್ ಇಟ್ಟುಕೊಂಡವರು ಅದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಜೇವರ್ಗಿಯಿಂದ ತೊಗರಿ ತರಬೇಕು, ಶಹಾಬಾದಿನಿಂದ ಕಲ್ಲು ತರಬೇಕು, ಬೆಳಗ್ಗೆ ಮಕ್ಕಳನ್ನು ಶಾಲೆಗೂ ಬಿಡಬೇಕು. ದಿನಾ ಓಡುವ ಇಂಥ ಗಾಡಿಗೆ ಎಂಜಿನ್ ವಿಷಯದಲ್ಲಿ ಏನು ಮಾಡಿದರೆ ಸರಿ ಅನ್ನುವುದೇ ಈ ಟಿಪ್ಪಣಿಯ ವಿಷಯ. ಉದಾಹರಣೆಗೆ ಟಾಟಾ ಮೊಬೈಲ್ 206 ತಗೊಂಡಿದ್ದೇನೆ. 1988ರಲ್ಲಿ ಬಂದ ಪಿಕಪ್ ಅದು. ಅದರ ಎಂಜಿನ್ನಿನ ಅಳತೆಗಳು ಲೆಕ್ಕಕ್ಕೆ ಚೆನ್ನಾಗಿ ಒದಗುತ್ತವೆ.

ಎಂಜಿನ್ ಹೆಸರಲ್ಲೇ ಇರುವ ಅಳತೆ

206ರಲ್ಲಿ ಇದ್ದದ್ದು 483 ಡಿಎಲ್ ಎಂಜಿನ್. ಮೊದಲ ಅಂಕಿ 4 ಅಂದರೆ ನಾಲ್ಕು ಸಿಲಿಂಡರ್. ಉಳಿದ 83 ಅಂದರೆ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 83 ಮಿ.ಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90 ಮಿ.ಮೀ. ಎಂಜಿನ್ ಗಾತ್ರದ ಸೂತ್ರ ಗೊತ್ತಲ್ವಾ: 0.7854 × ಬೋರ್ × ಬೋರ್ × ಸ್ಟ್ರೋಕ್ × ಸಿಲಿಂಡರ್ ಸಂಖ್ಯೆ. ಸೆಂ.ಮೀ.ಗೆ ತಿರುಗಿಸಿ ಹಾಕಿ: 0.7854 × 8.3 × 8.3 × 9 × 4. ಉತ್ತರ 1948 ಸಿಸಿ.

ಮುಂದೆ ಬಂದ 207 ಡಿಐ ಪಿಕಪ್‌ನಲ್ಲಿ ಇದ್ದದ್ದು 497. ಬೋರ್ 97, ಸ್ಟ್ರೋಕ್ 100. ಅದೇ ಸೂತ್ರಕ್ಕೆ ಹಾಕಿದರೆ 2956 ಸಿಸಿ. ಅಂದರೆ ಒಂದೂವರೆ ಪಟ್ಟು ದೊಡ್ಡದು. ಮಾಲೀಕರು "ದೊಡ್ಡ ಎಂಜಿನ್" ಅಂದಾಗ ಅವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಇದೇ.

ಗಾತ್ರ ಒಂದೇ ಅಲ್ಲ, ಇಂಧನ ಉರಿಯುವ ರೀತಿಯೂ ಬೇರೆ. 483ರಲ್ಲಿ ಡೀಸೆಲ್ ಮೊದಲು ಹೆಡ್‌ನಲ್ಲಿರುವ ಒಂದು ಚಿಕ್ಕ ಕೋಣೆಗೆ ಸಿಡಿಯುತ್ತದೆ. ಉರಿ ಅಲ್ಲಿ ಹತ್ತಿಕೊಂಡು ಸಿಲಿಂಡರಿಗೆ ಬರುತ್ತದೆ. ಇದನ್ನು ಇನ್‌ಡೈರೆಕ್ಟ್ ಇಂಜೆಕ್ಷನ್ ಅನ್ನುತ್ತಾರೆ. ಈ ಕೋಣೆಯ ಗೋಡೆಗಳು ಬಿಸಿಯನ್ನು ನೀರಿಗೆ ಬಿಟ್ಟುಕೊಡುತ್ತವೆ. ಆದ್ದರಿಂದ ಇಂಥ ಎಂಜಿನ್‌ಗೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುವ ಪ್ರಮಾಣ, ಜಾಸ್ತಿ ಬೇಕು, ಸಾಮಾನ್ಯವಾಗಿ 20ಕ್ಕೆ 1ಕ್ಕಿಂತ ಮೇಲೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಲು ಹೀಟರ್ ಪ್ಲಗ್ ಕೂಡ ಬೇಕು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಗುಂಡಿಗೆ ಬೀಳುತ್ತದೆ. ಬಿಸಿ ಕಡಿಮೆ ಪೋಲಾಗುತ್ತದೆ, ಮೈಲೇಜ್ ಒಳ್ಳೆಯದು, ಆದರೆ ಐಡಲ್‌ನಲ್ಲಿ ಟಕಟಕ ಸದ್ದು ಜಾಸ್ತಿ. ದಿನಾ ಓಡಿಸುವವರಿಗೆ ಇವೆರಡೂ ಮುಖ್ಯ.

ಗಾಡಿಗೆ ನಿಜಕ್ಕೂ ಎಷ್ಟು ಪವರ್ ಬೇಕು?

ಈ ಪ್ರಶ್ನೆಯನ್ನು ಕೇಳದೆಯೇ ಎಂಜಿನ್ ಇಳಿಸುವುದು ನನಗೆ ಒಪ್ಪಿಗೆಯಾಗದ ಕೆಲಸ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಸುಮಾರು 700 ಮೀಟರ್. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವಾಗ ಲೋಡ್ ಗಾಡಿಗೆ ಏರು ಗೊತ್ತಾಗುತ್ತದೆ. ಅಂಥ ಒಂದು ಏರನ್ನು ಕಾಗದದ ಮೇಲೆ ಹತ್ತೋಣ.

ಲೋಡ್ ಸೇರಿ ಗಾಡಿ 2500 ಕೆಜಿ ಎಂದು ಹಿಡಿಯಿರಿ. ಏರು 5 ಪರ್ಸೆಂಟ್, ಅಂದರೆ 100 ಮೀಟರ್ ಹೋದರೆ 5 ಮೀಟರ್ ಮೇಲೆ. ವೇಗ 60 ಕಿಮೀ, ಸೆಕೆಂಡಿಗೆ 16.67 ಮೀಟರ್.

ಏರಿಗೆ ಬೇಕಾದ ಬಲ: 2500 × 9.81 × 0.05 = 1226 ನ್ಯೂಟನ್. ವೇಗದಿಂದ ಗುಣಿಸಿದರೆ 20.4 ಕಿಲೋವ್ಯಾಟ್. ಟೈರ್ ಉರುಳುವ ಪ್ರತಿರೋಧವನ್ನು ತೂಕದ 1.5 ಪರ್ಸೆಂಟ್ ಎಂದು ಹಿಡಿದರೆ 6.1 ಕಿಲೋವ್ಯಾಟ್. ಗಾಳಿಯ ತಡೆಗೆ ಸುಮಾರು 3.5. ಒಟ್ಟು 30 ಕಿಲೋವ್ಯಾಟ್ ಚಕ್ರದಲ್ಲಿ ಸಿಗಬೇಕು. ಗೇರ್‌ಬಾಕ್ಸ್, ಜಾಯಿಂಟ್, ಹಿಂದಿನ ಆಕ್ಸಲ್‌ನ ಹೌಸಿಂಗ್‌ನಲ್ಲಿ ಸ್ವಲ್ಪ ಕಳೆಯುತ್ತದೆ. ಹಾಗಾಗಿ ಎಂಜಿನ್ ಕೊಡಬೇಕಾದದ್ದು ಸುಮಾರು 34.5 ಕಿಲೋವ್ಯಾಟ್. ಅಶ್ವಶಕ್ತಿಯಲ್ಲಿ ಹೇಳುವುದಾದರೆ 47.

483 ಡಿಎಲ್ ಹೊಸದಿದ್ದಾಗ 60 ಅಶ್ವಶಕ್ತಿ ದಾಟುತ್ತಿತ್ತು. ಅಂದರೆ ಈ ಏರಿಗೆ ಅದು ಸಾಲುತ್ತದೆ! ಹಾಗಾದರೆ ದಮ್ ಎಲ್ಲಿ ಹೋಯಿತು?

ಅರ್ಧ ಉತ್ತರ ಸವೆತ. ಇನ್ನರ್ಧ ಉತ್ತರ ಆರ್‌ಪಿಎಂ. ಪವರ್ ಅಂದರೆ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಮತ್ತು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಎರಡನ್ನೂ ಗುಣಿಸಿ ಬರುವ ಸಂಖ್ಯೆ. ಸೂತ್ರ: ಟಾರ್ಕ್ × ಆರ್‌ಪಿಎಂ ÷ 9549 = ಕಿಲೋವ್ಯಾಟ್. 60 ಅಶ್ವಶಕ್ತಿ ಅಂತ ಪುಸ್ತಕದಲ್ಲಿ ಇರುವುದು ಎಂಜಿನ್ ಕಿರುಚುವ ವೇಗದಲ್ಲಿ ಸಿಗುವ ಸಂಖ್ಯೆ. ದಿನಾ ಓಡಿಸುವಾಗ ನಾವು ಅಲ್ಲಿ ಇರುವುದೇ ಇಲ್ಲ.

ಈಗ ನಮ್ಮ ಏರಿನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ಇರುತ್ತದೆ ನೋಡೋಣ. ಗಂಟೆಗೆ 60 ಕಿಮೀ ಅಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ಇದನ್ನು ನೆನಪಿಟ್ಟರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ, ನೆಲದ ಮೇಲೆ ಟೇಪ್ ಹಿಡಿಯಿರಿ. 2.2 ಮೀಟರ್ ಬಂತು ಅನ್ನೋಣ. 1000 ÷ 2.2 = 455 ಸುತ್ತು. ಹೌಸಿಂಗ್‌ನ ಕ್ರೌನ್-ಪಿನಿಯನ್ ರೇಷಿಯೋ 5.1 ಇದ್ದರೆ, ಒಂದಕ್ಕೊಂದು ಇರುವ ಗೇರಿನಲ್ಲಿ ಎಂಜಿನ್ ಸುಮಾರು 2320 ಆರ್‌ಪಿಎಂ. ಟೈರು ಮತ್ತು ರೇಷಿಯೋ ನಾನು ಉದಾಹರಣೆಗೆ ಹಿಡಿದದ್ದು. ನಿಮ್ಮ ಗಾಡಿಯದನ್ನು ನೀವೇ ಅಳೆಯಿರಿ.

2 ಲೀಟರ್ ಎಂಜಿನ್ ಆ ವೇಗದಲ್ಲಿ 120 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಸಿಗುವುದು 29 ಕಿಲೋವ್ಯಾಟ್. ಬೇಕಾದದ್ದು 34.5. ಗಾಡಿ ಸೊರಗುತ್ತದೆ, ಡ್ರೈವರ್ ಪೆಡಲನ್ನು ನೆಲಕ್ಕೆ ಒತ್ತುತ್ತಾರೆ, ಹಿಂದೆ ಕರಿ ಹೊಗೆ. 1.5 ರೇಷಿಯೋ ಇರುವ ಕೆಳಗಿನ ಗೇರಿಗೆ ಬಂದರೆ ಆರ್‌ಪಿಎಂ 3480 ಆಗುತ್ತದೆ. ಟಾರ್ಕ್ 115ಕ್ಕೆ ಇಳಿದರೂ 42 ಕಿಲೋವ್ಯಾಟ್ ಸಿಗುತ್ತದೆ. ಗಾಡಿ ಹತ್ತುತ್ತದೆ. ಅದೇ ಜಾಗದಲ್ಲಿ 200 ನ್ಯೂಟನ್ ಮೀಟರ್ ಕೊಡುವ ದೊಡ್ಡ ಎಂಜಿನ್ ಇದ್ದರೆ 2320ರಲ್ಲೇ ಸುಮಾರು 49 ಕಿಲೋವ್ಯಾಟ್ ಕೊಡುತ್ತದೆ. ಗೇರ್ ಮುಟ್ಟಬೇಕಿಲ್ಲ.

ದೊಡ್ಡ ಎಂಜಿನ್ ಕೊಡುವ ಸುಖ ಇದು: ಗೇರ್ ಬದಲಿಸದೆ ಏರು ಹತ್ತುವ ಸುಖ. ಇದಕ್ಕೆ ಬೆಲೆ ಎಷ್ಟು ಅನ್ನುವುದು ಮುಂದಿನ ಮಾತು.

ಆರ್‌ಸಿ ಪುಸ್ತಕ ಏನು ಹೇಳುತ್ತದೆ

ಸ್ಪ್ಯಾನರ್ ಹಿಡಿಯುವ ಮುಂಚೆ ಇದನ್ನು ಓದಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಂತೆ, ಒಪ್ಪಿಗೆಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ.

1948 ಸಿಸಿ ಬರೆದಿರುವ ಆರ್‌ಸಿಗೆ 2956 ಸಿಸಿ ಎಂಜಿನ್ ಹೊಂದುವುದಿಲ್ಲ. ಎಂಜಿನ್ ಪೂರಾ ಹಾಳಾಗಿ ಅದೇ ಮಾದರಿಯ ಇನ್ನೊಂದನ್ನು ಹಾಕುವುದು ಬೇರೆ ಮಾತು. ಅದಕ್ಕೂ ಆರ್‌ಟಿಓದಲ್ಲಿ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು. ಕೆಎ 32 ಇರಲಿ, ಯಾದಗಿರಿಯ 33 ಇರಲಿ, ಬೀದರಿನ 38 ಇರಲಿ, ನಿಯಮ ಒಂದೇ. ಹಳದಿ ಬೋರ್ಡಿನ ಹಳೆಯ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಇದ್ದೇ ಇರುತ್ತದೆ. ನಂಬರ್ ಅಲ್ಲಿ ಸಿಕ್ಕಿಬೀಳುತ್ತದೆ. ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ. ಗುಜರಿಯಿಂದ ಬಿಲ್ ಇಲ್ಲದ ಎಂಜಿನ್ ತರುವುದಂತೂ ಬೇಡವೇ ಬೇಡ. ಅದು ಕದ್ದ ಗಾಡಿಯದಾಗಿದ್ದರೆ ಮಾಲೀಕರ ಜೊತೆ ಮೆಕ್ಯಾನಿಕ್ ಕೂಡ ಸ್ಟೇಷನ್ ಹತ್ತಬೇಕಾಗುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ದಿನಾ ಓಡುವ 206ಕ್ಕೆ ಅದೇ 483 ಎಂಜಿನ್ನನ್ನು ಹೊಸದರ ಮಟ್ಟಕ್ಕೆ ತರುವುದೇ ನಿಜವಾದ ಅಪ್‌ಗ್ರೇಡ್. ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಕೂಡಿಸುವ ಆಸೆಯೂ ಕೆಲವರಿಗೆ ಇರುತ್ತದೆ. ಟಾಟಾ ಇದೇ 1948 ಸಿಸಿಗೆ ಟರ್ಬೊ ಹಾಕಿ 1998ರ ಸಫಾರಿಯಲ್ಲಿ ಕೊಟ್ಟಿತ್ತು, ನಿಜ. ಆದರೆ ಅದನ್ನು ಕಂಪನಿಯೇ ಟರ್ಬೊಗೆ ತಕ್ಕಂತೆ ಕಟ್ಟಿತ್ತು. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಗಾಳಿ ತುರುಕಿದರೆ, ಮೊದಲೇ ಜಾಸ್ತಿ ಇರುವ ಕಂಪ್ರೆಷನ್ ಮೇಲೆ ಇನ್ನೂ ಒತ್ತಡ ಬೀಳುತ್ತದೆ. ಹೆಡ್ ಗ್ಯಾಸ್ಕೆಟ್ ಮೊದಲು ಹೋಗುತ್ತದೆ.

ಅದೇ ಎಂಜಿನ್‌ನಿಂದ ದಮ್ ವಾಪಸ್ ತರುವುದು

ಮಾಲೀಕರನ್ನು ಮೊದಲು ಕೇಳಿ: "ಕಾಕಾ, ಲೋಡ್ ಎಷ್ಟು ಹಾಕ್ತೀರಿ? ಹೊಗೆ ಯಾವ ಬಣ್ಣ?" ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ಆಮೇಲೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿ. ಒಂದರಲ್ಲಿ ಮಾತ್ರ ಬಿದ್ದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ನಾಲ್ಕರಲ್ಲೂ ಬಿದ್ದಿದ್ದರೆ ರಿಂಗ್, ಬೋರ್.

ಬೋರ್ ಮಾಡಿಸಿದರೆ ಪವರ್ ಏರುತ್ತದೆ ಅನ್ನುವ ನಂಬಿಕೆ ಇದೆ. ಅರ್ಧ ಮಿ.ಮೀ. ದೊಡ್ಡದು ಮಾಡಿ ನೋಡಿ: 83.5ಕ್ಕೆ 1971 ಸಿಸಿ ಬರುತ್ತದೆ. ಜಾಸ್ತಿಯಾದದ್ದು ಬರೀ 1.2 ಪರ್ಸೆಂಟ್. ದಮ್ ವಾಪಸ್ ಬರುವುದು ದೊಡ್ಡ ಬೋರಿನಿಂದ ಅಲ್ಲ, ಸೋರದ ಬೋರಿನಿಂದ.

ಡೀಸೆಲ್ ಸಿಡಿಸುವ ನೋಜಲ್ ಮತ್ತು ಅದಕ್ಕೆ ಡೀಸೆಲ್ ಕಳಿಸುವ ಪಂಪ್ ಕೆಲಸಕ್ಕೆ ದುಡ್ಡು ಉಳಿಸಬೇಡಿ. ಇನ್‌ಡೈರೆಕ್ಟ್ ಎಂಜಿನ್ನಿನ ನೋಜಲ್ ಸಾಮಾನ್ಯವಾಗಿ 110ರಿಂದ 150 ಬಾರ್ ಒತ್ತಡದಲ್ಲಿ ತೆರೆಯುತ್ತದೆ. ನಾಲ್ಕೂ ಒಂದೇ ಒತ್ತಡದಲ್ಲಿ ತೆರೆಯಬೇಕು, ತೊಟ್ಟಿಕ್ಕಬಾರದು. ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಕೂಡಿಸಿಯೇ ಸೆಟ್ ಮಾಡಿಸಿ. ಸ್ಕ್ರೂ ತಿರುವಿ ಡೀಸೆಲ್ ಜಾಸ್ತಿ ಬಿಡುವುದು ಬೇಡ. ಹೊಗೆ ಏರುತ್ತದೆ, ಪಿಸ್ಟನ್ ಸುಡುತ್ತದೆ.

ನಮ್ಮ ಬಿಸಿಲು, ನಮ್ಮ ಧೂಳು

ಎಂಜಿನ್ ಹಳೆಯದಿರಲಿ, ಹೊಸದಿರಲಿ, ಕಲಬುರಗಿಯಲ್ಲಿ ಅದು ಬದುಕುವುದು ರೇಡಿಯೇಟರ್ ಮೇಲೆ. ಸುಟ್ಟ ಡೀಸೆಲ್‌ನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಕೆಲಸಕ್ಕೆ, ಒಂದು ಭಾಗ ಸೈಲೆನ್ಸರಿಗೆ, ಉಳಿದದ್ದರ ಹೆಚ್ಚಿನ ಪಾಲು ನೀರಿಗೆ ಹೋಗುತ್ತದೆ. ರೇಡಿಯೇಟರ್ ಎಷ್ಟು ಬಿಸಿ ಹೊರಗೆ ಹಾಕುತ್ತದೆ ಅನ್ನುವುದು ನೀರಿಗೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 95 ಡಿಗ್ರಿ ಇದೆ ಅನ್ನಿ. ಹೊರಗೆ 33 ಇರುವ ಊರಿನಲ್ಲಿ ಅಂತರ 62. ಮೇ ತಿಂಗಳಲ್ಲಿ ನಮ್ಮಲ್ಲಿ 43 ಮುಟ್ಟಿದ ದಿನ ಅಂತರ 52. ಅದೇ ರೇಡಿಯೇಟರ್ ನಮ್ಮಲ್ಲಿ ಸುಮಾರು 16 ಪರ್ಸೆಂಟ್ ಕಡಿಮೆ ಕೆಲಸ ಮಾಡುತ್ತದೆ. ಬೇರೆ ಊರಿನಲ್ಲಿ ಸಾಕಾದದ್ದು ಇಲ್ಲಿ ಸಾಲದು ಅನ್ನುವುದಕ್ಕೆ ಕಾರಣ ಇದು.

ಹೀಗಾಗಿ ರೇಡಿಯೇಟರನ್ನು ಬಿಚ್ಚಿ, ರಾಡ್ ಹಾಕಿಸಿ ಒಳಗಿನ ಕೊಳವೆಗಳನ್ನು ಸ್ವಚ್ಛ ಮಾಡಿಸಿ, ಇಲ್ಲವೇ ಹೊಸ ಕೋರ್ ಕಟ್ಟಿಸಿ. ಫ್ಯಾನಿನ ಸುತ್ತ ಇರುವ ಕವರ್ ಹಳೆಯ ಗಾಡಿಗಳಲ್ಲಿ ಮುರಿದು ಹೋಗಿರುತ್ತದೆ. ಯಾರೂ ಅದನ್ನು ವಾಪಸ್ ಹಾಕುವುದಿಲ್ಲ. ಅದಿಲ್ಲದೆ ಫ್ಯಾನ್ ಸುಮ್ನೆ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಥರ್ಮೋಸ್ಟಾಟ್ ತೆಗೆದು ಬಿಸಾಡುವ ಚಾಳಿಯನ್ನೂ ಬಿಡಬೇಕು. ಎಂಜಿನ್ ತಣ್ಣಗೆ ಓಡಿದರೆ ಬೋರ್ ಬೇಗ ಸವೆಯುತ್ತದೆ. ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆ ನೀರು ಗಡಸು, ಒಳಗೆ ಸುಣ್ಣದಂತೆ ಕಟ್ಟುತ್ತದೆ. ಕೂಲೆಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಬಳಸಿ.

ಇನ್ನು ಧೂಳು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 1948 ಸಿಸಿ ಎಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 1900 ಲೀಟರಿನ ಹತ್ತಿರ. ಆ ಗಾಳಿಯಲ್ಲಿ ಕರಿಮಣ್ಣು, ಶಹಾಬಾದಿನ ಕಲ್ಲಿನ ಪುಡಿ, ವಾಡಿ-ಸೇಡಂ ಕಡೆಯ ಸಿಮೆಂಟ್ ಎಲ್ಲಾ ಇರುತ್ತದೆ. ಏರ್ ಕ್ಲೀನರ್ ಮತ್ತು ಮ್ಯಾನಿಫೋಲ್ಡ್ ನಡುವಿನ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಹೊಸ ಫಿಲ್ಟರ್ ಹಾಕಿ ಪ್ರಯೋಜನ ಇಲ್ಲ. ಕೈಯಿಂದ ಹಿಂಡಿ ನೋಡಿ.

ದಮ್ ಬಂದ ಗಾಡಿಯನ್ನು ಜನ ಜೋರಾಗಿ ಓಡಿಸುತ್ತಾರೆ. 60ರ ಬದಲು 80ರಲ್ಲಿ ಹೋದರೆ ಬ್ರೇಕ್ ತಡೆಯಬೇಕಾದ ಶಕ್ತಿ 1.78 ಪಟ್ಟು. ಹಾಗಾಗಿ ಎಂಜಿನ್ ಬಿಲ್ಲಿನ ಜೊತೆಗೇ ಬ್ರೇಕ್ ಲೈನರ್, ಸಿಲಿಂಡರ್ ಕಿಟ್, ಹೋಸ್ ಕೆಲಸವನ್ನೂ ಸೇರಿಸಿ ಹೇಳಿ.

ಕೆಲಸ ಮುಗಿದ ಮೇಲೆ ಕೆಲವು ನೂರು ಕಿಮೀ ಹದವಾಗಿ ಓಡಿಸಿ, ಆಯಿಲ್ ಬದಲಿಸಿ, ವಾಲ್ವ್ ಗ್ಯಾಪ್ ಮತ್ತೆ ನೋಡಿ. ಆಮೇಲೆ ಲೋಡ್ ಹಾಕಿ ಕಮಲಾಪುರದ ಆಚೆಯ ಏರಿಗೆ ಒಯ್ಯಿರಿ, ಮಧ್ಯಾಹ್ನದ ಬಿಸಿಲಿನಲ್ಲೇ. ಟೆಂಪರೇಚರ್ ಮೀಟರಿನ ಮುಳ್ಳು ಮಧ್ಯದಲ್ಲಿ ನಿಂತರೆ ಕೂಲಿಂಗ್ ಸರಿ ಇದೆ. ವಾಪಸ್ ಬರುವಾಗ ಹೊಗೆ ಪರೀಕ್ಷೆ ಮಾಡಿಸಿ. ಇಂಥ ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ). ಅದರ ಸಮೀಪ ಬಂದಿದ್ದರೆ ಪಂಪನ್ನು ಮತ್ತೆ ಬೆಂಚಿಗೆ ಕಳಿಸಿ.